ಪ್ರಶ್ನೆಗೂ ಒಂದು ಪರೀಕ್ಷೆ

ಈ ಸಲದ ಟಪಾಲು ನೋಡಿ ಸೋಜಿಗವಾಯಿತು. ನಿದ್ದೆ, ಸಿಟ್ಟು, ಸೊಸೆ, ಮೊಬೈಲ್ ಎಂದು ಹಂಚಿಹೋಗುತ್ತಿದ್ದ ಪತ್ರಗಳಲ್ಲಿ ಆರು ಒಂದೇ ಹಾಳೆಯ ಸುತ್ತ ಸುತ್ತಿವೆ. ಶಾಲೆ, ಕಾಲೇಜುಗಳಲ್ಲಿ ಮಕ್ಕಳ ಕೈಗೆ ಕೊಟ್ಟು ಟಿಕ್ ಹಾಕಿಸುವ ಮಾನಸಿಕ ಆರೋಗ್ಯದ ಪುಟ್ಟ ಪ್ರಶ್ನಾವಳಿ ಅದು. ಅಂಥ ಹಾಳೆಗಳ ಕನ್ನಡ ತಿದ್ದುವುದರಲ್ಲಿ ನನ್ನ ನೌಕರಿಯ ಹನ್ನೆರಡು ವರ್ಷ ಕಳೆದಿವೆ. ಹಾಗಾಗಿ ಈ ತಿಂಗಳು ಅವಕ್ಕಷ್ಟೇ ಉತ್ತರ. ಸೊಸೆಯಂದಿರ ವಿಚಾರ ಬರೆದವರು ಒಂದು ತಿಂಗಳು ತಡೆಯಬೇಕು.

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿ. ಶಾಲೆಯಲ್ಲಿ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟು ಟಿಕ್ ಹಾಕಿಸಿದರಂತೆ. ಅವಳಿಗೆ ಹನ್ನೆರಡು ಬಂದಿದೆ. ‘ನಿಮ್ಮ ಮಗಳಿಗೆ ಡಿಪ್ರೆಷನ್ ಇದೆ’ ಎಂದು ಫೋನಿನಲ್ಲಿ ತಿಳಿಸಿದರು. ಆ ದಿನದಿಂದ ನನಗೇ ಊಟ ಸೇರುತ್ತಿಲ್ಲ. ಮನೆಯವರಿಗೆ ಇನ್ನೂ ಹೇಳಿಲ್ಲ. ಅವಳು ನಕ್ಕರೂ ಭಯ, ಸುಮ್ಮನೆ ಕೂತರೂ ಭಯ. ಡಾಕ್ಟರಮ್ಮ, ಏನು ಮಾಡಲಿ?
— ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ಮೊದಲು ಊಟ ಮಾಡಿ ತಾಯಿ. ಫೋನಿನಲ್ಲಿ ಹೇಳಿದ ಆ ಒಂದು ವಾಕ್ಯ ತಪ್ಪು. ಹಾಳೆ ಅಷ್ಟು ದೊಡ್ಡ ಮಾತನ್ನು ಹೇಳಲಾರದು. (ನಾನು ಔಷಧಿ ಬರೆಯುವ ಡಾಕ್ಟರಲ್ಲ, ನಿವೃತ್ತ ಮನಶ್ಶಾಸ್ತ್ರಜ್ಞೆ. ಆದರೂ ‘ಡಾಕ್ಟರಮ್ಮ’ ಎಂದರೆ ಬೇಡ ಎನ್ನುವಷ್ಟು ವಿನಯ ನನಗಿಲ್ಲ.)

ನೀವು ವಿವರಿಸಿದ್ದು ನೋಡಿದರೆ ಅದು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೇ, ನಿದ್ದೆ ಕೆಟ್ಟಿತ್ತೇ, ಹಸಿವು ಹೇಗಿತ್ತು ಎಂಬಂಥ ಒಂಬತ್ತು ಪ್ರಶ್ನೆಗಳು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಇದನ್ನು ರೂಪಿಸಿದ ಅಮೆರಿಕದ ತಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದ ವಯಸ್ಕರಲ್ಲಿ 10 ಅಂಕಕ್ಕೆ ಗೆರೆ ಎಳೆದು, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಖಿನ್ನತೆ ಇರಬಹುದು ಎಂದುಕೊಂಡರೆ ಹಾಳೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಂಡಿತು. ನಿಮ್ಮ ಮಗಳು ವಯಸ್ಕಳಲ್ಲ. ಹದಿಹರೆಯದವರ ಮೇಲೆ ಇದೇ ಹಾಳೆಯನ್ನು ಪರೀಕ್ಷಿಸಿದ ಇನ್ನೊಂದು ಅಮೆರಿಕದ ಅಧ್ಯಯನ 2010ರಲ್ಲಿ ಬಂತು. 13ರಿಂದ 17 ವಯಸ್ಸಿನ 442 ಮಕ್ಕಳು. ಪ್ರತಿಯೊಬ್ಬರಿಗೂ ಹಾಳೆ ಕೊಟ್ಟದ್ದಲ್ಲದೆ, ಬೇರೆಯಾಗಿ ವಿವರವಾದ ಸಂದರ್ಶನವನ್ನೂ ಮಾಡಿ ಎರಡನ್ನೂ ತಾಳೆ ನೋಡಿದರು. ಗೆರೆ 11ಕ್ಕೆ ಏರಿತು. ಆ ಗೆರೆಯಲ್ಲಿ, ನಿಜವಾಗಿ ಖಿನ್ನತೆ ಇದ್ದ 100 ಮಕ್ಕಳಲ್ಲಿ ಸುಮಾರು 90 ಮಂದಿಯನ್ನು ಹಾಳೆ ಹಿಡಿಯುತ್ತದೆ. ಖಿನ್ನತೆ ಇಲ್ಲದ 100 ಮಕ್ಕಳಲ್ಲಿ 77–78 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಈಗ ಒಂದು ಮನೆಲೆಕ್ಕ ಮಾಡೋಣ.

ಸಾವಿರ ಮಕ್ಕಳಿದ್ದಾರೆ ಎನ್ನಿ. ಅವರಲ್ಲಿ ಐವತ್ತು ಮಕ್ಕಳಿಗೆ ನಿಜವಾದ ಖಿನ್ನತೆ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹಾಳೆ ಆ ಐವತ್ತರಲ್ಲಿ 45 ಮಂದಿಯನ್ನು ಹಿಡಿಯಿತು. ಉಳಿದ 950 ಮಕ್ಕಳಲ್ಲಿ ನೂರಕ್ಕೆ 22–23ರಂತೆ ಸುಮಾರು 214 ಮಂದಿಯನ್ನೂ ಅದು ಹಿಡಿಯುತ್ತದೆ. ಒಟ್ಟು 259 ಮನೆಗಳಿಗೆ ಫೋನ್ ಹೋಗುತ್ತದೆ. ನಿಜವಾದ ಖಿನ್ನತೆ ಇರುವುದು ಅದರಲ್ಲಿ 45 ಮನೆಗಳಲ್ಲಿ, ಅಂದರೆ ಐದಕ್ಕೆ ಒಂದಕ್ಕಿಂತಲೂ ಕಡಿಮೆ. ನಿಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಸಾಣಿಗೆಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಸಾಣಿಸಿದ ಮೇಲೆ ಬೆರಳಾಡಿಸಿ ನೋಡಬೇಕು. ಶಾಲೆಯವರು ಬೆರಳಾಡಿಸಿ ನೋಡದೆ ಫೋನ್ ಮಾಡಿದರು.

ಹಾಗೆಂದು ಹಾಳೆಯನ್ನು ಒಲೆಗೆ ಹಾಕಬೇಡಿ. ಗೆರೆ ಎಲ್ಲ ಕಡೆಯೂ ಒಂದೇ ಅಲ್ಲ. 2013ರಲ್ಲಿ ಪ್ರಕಟವಾದ ಕೋಲ್ಕತ್ತಾದ ಅಧ್ಯಯನದಲ್ಲಿ, ಅಲ್ಲಿಯ ಹದಿಹರೆಯದವರಿಗೆ ಸರಿಹೊಂದಿದ ಗೆರೆ 5. ಅದೇ ಪ್ರಶ್ನಾವಳಿ, ಒಂದು ಊರಿನಲ್ಲಿ 11, ಇನ್ನೊಂದು ಊರಿನಲ್ಲಿ 5! ಸಿಇಟಿ ಕಟ್-ಆಫ್‌ನಂತೆ ಇದನ್ನು ಗೋಡೆಗೆ ಅಂಟಿಸಲು ಬರುವುದಿಲ್ಲ.

ಈಗ ಮಾಡಬೇಕಾದ ಕೆಲಸ. ರಾತ್ರಿ ಮಗಳ ಜೊತೆ ರೊಟ್ಟಿ ತಟ್ಟುತ್ತಲೋ ಬಟ್ಟೆ ಮಡಿಸುತ್ತಲೋ ಕೂತು, ‘ಆ ಹಾಳೆಯಲ್ಲಿ ಯಾವ ಪ್ರಶ್ನೆಗೆ ಹೆಚ್ಚು ಟಿಕ್ ಹಾಕಿದೆ?’ ಎಂದು ಕೇಳಿ. ಹನ್ನೆರಡು ಎಂಬ ಮೊತ್ತಕ್ಕಿಂತ ಅದು ಎಲ್ಲಿಂದ ಬಂತು ಎಂಬುದು ಮುಖ್ಯ. ಪರೀಕ್ಷೆಯ ವಾರದಲ್ಲಿ ನಿದ್ದೆ, ಹಸಿವು, ಸುಸ್ತು, ಗಮನ ಈ ನಾಲ್ಕರಿಂದಲೇ ಹನ್ನೆರಡು ಕೂಡಿಬಿಡುತ್ತದೆ. ಇನ್ನೊಂದು ಮಾತು. ಈ ಹಾಳೆಯ ಕೆಳಗೆ ಅಂಕವಿಲ್ಲದ ಹತ್ತನೆಯ ಪ್ರಶ್ನೆ ಇರುತ್ತದೆ: ಈ ತೊಂದರೆಗಳಿಂದ ನಿಮ್ಮ ಕೆಲಸ, ಮನೆಯ ವ್ಯವಹಾರ, ಜನರೊಡನೆ ಬೆರೆಯುವುದು ಎಷ್ಟು ಕಷ್ಟವಾಗಿದೆ? ಜೆರಾಕ್ಸ್ ಮಾಡುವಾಗ ಹಾಳೆ ಉಳಿಸಲು ಅದನ್ನೇ ಕತ್ತರಿಸಿಬಿಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ನೀವು ಅದನ್ನು ಕೇಳಿ. ಗೆಳತಿಯರನ್ನು ಬಿಟ್ಟಿದ್ದಾಳೆ, ಶಾಲೆಗೆ ಹೋಗಲಾರೆ ಎನ್ನುತ್ತಾಳೆ, ಅಥವಾ ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾಯುವ ಇಲ್ಲವೇ ತನಗೆ ನೋವು ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ, ಸೊನ್ನೆ ಬಿಟ್ಟು ಬೇರೇನು ಹಾಕಿದ್ದರೂ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ, ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ 14416. ಅದು 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಹೇಳಿ. ಭಯವನ್ನು ಒಬ್ಬರೇ ಇಟ್ಟುಕೊಂಡರೆ ಅದು ಮರಿ ಹಾಕುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ನಮ್ಮ ಮಕ್ಕಳ ಮನಸ್ಸಿನ ಆರೋಗ್ಯ ತಿಳಿಯಬೇಕೆಂಬ ಆಸೆ. ಇಂಗ್ಲಿಷಿನ ಒಂದು ಪ್ರಶ್ನಾವಳಿಯನ್ನು ಮೊಬೈಲಿನಲ್ಲೇ ಕನ್ನಡಕ್ಕೆ ಮಾಡಿಸಿಕೊಂಡಿದ್ದೇನೆ. ಒಂದೆರಡು ಕಡೆ ತಿದ್ದಿ ಕೊಟ್ಟರೆ ಸಾಕಲ್ಲವೇ?
— ಕೊಪ್ಪಳ ಜಿಲ್ಲೆ

ಉತ್ತರ: ಸಾಲದು ಸರ್. ನಿಮ್ಮ ಆಸೆ ದೊಡ್ಡದು, ಆದ್ದರಿಂದ ಬೈಯುವುದಿಲ್ಲ. ನಾನೇ ಮಾಡಿದ ಎಡವಟ್ಟನ್ನು ಹೇಳುತ್ತೇನೆ.

ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಪ್ರಶ್ನಾವಳಿಯನ್ನು ಅನುವಾದಿಸಿದೆ. ‘ನಿರಾಸಕ್ತಿ’, ‘ಖಿನ್ನತೆ’, ‘ಹತಾಶೆ’, ‘ಏಕಾಗ್ರತೆಯ ಕೊರತೆ’. ಓದಿ ನನಗೇ ಹೆಮ್ಮೆ. ಹಾವೇರಿ ಜಿಲ್ಲೆಯ ಒಂದು ಶಾಲೆಯಲ್ಲಿ ಹಂಚಿದಾಗ ಎಂಟನೆಯ ತರಗತಿಯ ಹುಡುಗಿ ಎದ್ದು ನಿಂತು, ‘ಮೇಡಂ, ಇದಕ್ಕೆ ಮಾರ್ಕ್ಸ್ ಇದೆಯೇ? ಅರ್ಥ ಬರೆಯಬೇಕೇ, ವಾಕ್ಯದಲ್ಲಿ ಬಳಸಬೇಕೇ?’ ಎಂದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಅವಳು ನಿಜವಾಗಿಯೂ ಕೇಳಿದ್ದಳು.

ಸರಿ, ಸುಲಭ ಮಾಡೋಣ ಎಂದು ‘ಖಿನ್ನತೆ’ ತೆಗೆದು ‘ಬೇಜಾರು’ ಹಾಕಿದೆವು. ತರಗತಿಯ ಮುಕ್ಕಾಲು ಪಾಲು ಮಕ್ಕಳು ‘ಹೆಚ್ಚುಕಡಿಮೆ ದಿನವೂ’ ಎಂದು ಟಿಕ್ ಹಾಕಿದರು! ನಮ್ಮ ಭಾಷೆಯಲ್ಲಿ ಬೇಜಾರಿಗೆ ಎಷ್ಟು ಮನೆಗಳು ನೋಡಿ. ಅಜ್ಜಿ ತೀರಿಕೊಂಡರೆ ಬೇಜಾರು, ಮಳೆ ಬಂದು ಕಬಡ್ಡಿ ನಿಂತರೆ ಬೇಜಾರು, ಗೆಳೆಯ ಮಾತು ಬಿಟ್ಟರೆ ಬೇಜಾರು, ಸಮಾಜ ವಿಜ್ಞಾನದ ಪಾಠವೂ ಬೇಜಾರು. ದುಃಖ, ಸಿಟ್ಟು, ಬೋರು ಮೂರೂ ಒಂದೇ ಪದದ ಕೆಳಗೆ ಬಾಡಿಗೆಗಿವೆ. ಇನ್ನೊಂದು ಪ್ರಶ್ನೆಯಲ್ಲಿ ‘ನಾನು ಸೋತವನು ಅನ್ನಿಸುವುದು’ ಎಂಬುದನ್ನು ಯಾರೋ ‘ಫೇಲ್ ಆದ ಭಾವನೆ’ ಎಂದು ಮಾಡಿದ್ದರು. ಹುಡುಗನೊಬ್ಬ ಮೂರಕ್ಕೆ ಟಿಕ್ ಹಾಕಿದ್ದ. ಏಕಪ್ಪಾ ಎಂದರೆ, ‘ಅರ್ಧವಾರ್ಷಿಕದಲ್ಲಿ ಗಣಿತ ಫೇಲ್ ಆಗಿದ್ದೇನೆ, ಸುಳ್ಳು ಹೇಳಲು ಆಗುತ್ತದೆಯೇ?’ ಎಂದ.

ಅಲ್ಲಿಂದ ನಾನು ಕಲಿತ ವಿಧಾನ ಇದು: ಮಕ್ಕಳನ್ನು ಪರೀಕ್ಷಿಸುವ ಮೊದಲು ಪ್ರಶ್ನೆಯನ್ನು ಮಕ್ಕಳಿಂದ ಪರೀಕ್ಷೆ ಮಾಡಿಸಬೇಕು. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡುತ್ತಾರೆ. ಮೂಲವನ್ನು ಕಾಣದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎಲ್ಲಿ ಹಳಿ ತಪ್ಪಿದೆ ಎಂದು ಆಗ ಕಾಣುತ್ತದೆ. ಅನುವಾದಕರ ಕೆಲಸ ಅಲ್ಲಿಗೆ ಮುಗಿಯುತ್ತದೆ, ಹಾಳೆಯದು ಮುಗಿಯುವುದಿಲ್ಲ. ಹತ್ತಿಪ್ಪತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ‘ಈ ಪ್ರಶ್ನೆ ನಿನಗೆ ಏನು ಕೇಳುತ್ತಿದೆ? ಇದನ್ನು ನಿನ್ನ ತಂಗಿಗೆ ಹೇಗೆ ಹೇಳುತ್ತೀಯ?’ ಎಂದು ಕೇಳಬೇಕು. ನಮ್ಮ ಹಾಳೆಯಲ್ಲಿ ಉಳಿದದ್ದು ಅಂಥ ಮಕ್ಕಳ ಮಾತು. ‘ಕಳೆದ ಎರಡು ವಾರ’ ಎಂದರೆ ಲೆಕ್ಕ ತಪ್ಪುತ್ತಿದ್ದ ಮಕ್ಕಳಿಗೆ ‘ಹಿಂದಿನ ಎರಡು ಸಂತೆಗಳಿಂದ ಈಚೆಗೆ’ ಎಂದರೆ ತಕ್ಷಣ ತಿಳಿಯುತ್ತಿತ್ತು. ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬುದಕ್ಕೆ ಹದಿನಾಲ್ಕು ಚುಕ್ಕಿ ಇಟ್ಟು ತೋರಿಸಿದೆವು. ಪಿಎಚ್‌ಕ್ಯುವಿನ ಎಂಟನೆಯ ಪ್ರಶ್ನೆ ಇನ್ನೂ ತಂಟೆ. ನಿಮ್ಮ ಚಲನೆ, ಮಾತು ಬೇರೆಯವರಿಗೆ ಕಾಣುವಷ್ಟು ನಿಧಾನವಾಗಿತ್ತೇ, ಅಥವಾ ಅದಕ್ಕೆ ವಿರುದ್ಧವಾಗಿ ಕೂತಲ್ಲಿ ಕೂರಲಾರದಷ್ಟು ಚಡಪಡಿಕೆ ಇತ್ತೇ ಎಂದು ಒಂದೇ ಉಸಿರಿನಲ್ಲಿ ಎರಡು ತದ್ವಿರುದ್ಧ ಸಂಗತಿ ಕೇಳುತ್ತದೆ. ದೊಡ್ಡವರೇ ತಡವರಿಸುತ್ತಾರೆ.

ಇನ್ನೊಂದು ಸಂಗತಿ ನಮ್ಮ ನೆಲದ್ದು. 1970ರ ದಶಕದಲ್ಲಿ ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಮನೆಮನೆಯ ಸಮೀಕ್ಷೆ ನಡೆಸಿದಾಗ, ಪರದೇಶದ ಪ್ರಶ್ನಾವಳಿಯನ್ನು ಹಾಗೆಯೇ ಹೊತ್ತು ತರಲಿಲ್ಲ, ಭಾರತದ ಜನರಿಗೆಂದೇ ರೂಪಿಸಿದ್ದನ್ನು ಬಳಸಿದರು. ಇಲ್ಲಿಯ ಮನಸ್ಸಿನ ದೂರು ಎಷ್ಟೋ ಸಲ ಮೈಯ ದೂರಾಗಿ ಬರುತ್ತದೆ. ತಲೆ ಭಾರ, ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಕೈಕಾಲಿನಲ್ಲಿ ಸತ್ವ ಇಲ್ಲ. ನಿಮ್ಮ ಮೊಬೈಲಿಗೆ ಇದು ಗೊತ್ತಿಲ್ಲ.

ನೀವು ಈಗಲೇ ಆರಂಭಿಸಬೇಕೆಂದರೆ ಹೊಸದನ್ನು ಹೊಸೆಯುವ ಬದಲು ಸಿದ್ಧ ಕನ್ನಡ ರೂಪ ಇರುವುದನ್ನು ಹಿಡಿಯಿರಿ. ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯು ಎಂಬ ಪ್ರಶ್ನಾವಳಿ ಕನ್ನಡದಲ್ಲೂ ಇದೆ. 25 ವಾಕ್ಯಗಳು. ಅವುಗಳಲ್ಲಿ ಐದು ಮಗುವಿನ ಒಳ್ಳೆಯ ಗುಣವನ್ನೇ ಕೇಳುತ್ತವೆ, ಹಂಚಿಕೊಂಡು ತಿನ್ನುತ್ತದೆಯೇ, ನೋವಾದವರ ಬಳಿ ಹೋಗುತ್ತದೆಯೇ ಎಂದು. ಅದಕ್ಕೇ ನನಗೆ ಆ ಹಾಳೆಯ ಮೇಲೆ ಸ್ವಲ್ಪ ಪಕ್ಷಪಾತ. ಪದ ಬದಲಿಸಬೇಡಿ. ಮತ್ತು ಹಾಳೆ ಹಂಚುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಹತ್ತು ಮಕ್ಕಳಿಗೆ ನೆರವು ಬೇಕು ಎಂದು ತಿಳಿದರೆ ನಾಳೆ ಬೆಳಿಗ್ಗೆ ಯಾರ ಬಳಿ ಕಳುಹಿಸುತ್ತೇನೆ? ಆ ಹೆಸರು ಮೊದಲು ಬರೆದಿಟ್ಟುಕೊಂಡು ಆಮೇಲೆ ಜೆರಾಕ್ಸ್ ಅಂಗಡಿಗೆ ಹೋಗಿ.

ಪ್ರಶ್ನೆ: ನನ್ನ ಸಂಶೋಧನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ಪ್ರಶ್ನೆಗಳ ಆತಂಕದ ಮಾಪಕ ರಚಿಸಿದ್ದೇನೆ. ಕ್ರಾನ್‌ಬಾಕ್ ಆಲ್ಫಾ 0.94 ಬಂದಿದೆ. ಮಾಪಕ ಸಿದ್ಧವಾಯಿತು ಎನ್ನಬಹುದೇ?
— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎನ್ನಬೇಡಿ. ಲೀ ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆ ಅಂಕಿ ಹೇಳುವುದು ಇಷ್ಟೇ: ನಿಮ್ಮ ಹತ್ತು ಪ್ರಶ್ನೆಗಳು ಒಂದರ ಜೊತೆ ಒಂದು ಹೊಂದಿಕೊಂಡು ಸಾಗುತ್ತಿವೆ (1ಕ್ಕೆ ಹತ್ತಿರವಾದಷ್ಟೂ ಹೊಂದಿಕೆ ಹೆಚ್ಚು). ಅವು ಸರಿಯಾದ ಊರಿಗೆ ಹೋಗುತ್ತಿವೆಯೇ ಎಂಬುದನ್ನು ಅದು ಹೇಳುವುದಿಲ್ಲ. ‘ನಿಮಗೆ ಹೆದರಿಕೆಯೇ? ಭಯವೇ? ಅಂಜಿಕೆಯೇ? ದಿಗಿಲೇ?’ ಎಂದು ಒಂದೇ ಪ್ರಶ್ನೆಗೆ ಹತ್ತು ವೇಷ ಹಾಕಿಸಿದರೂ ಆಲ್ಫಾ ಮೇಲೇರುತ್ತದೆ. 0.94 ಕಂಡಾಗ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ನಾಲ್ಕು ಪ್ರಶ್ನೆ ತೆಗೆದು ನೋಡಿ. ಏನೂ ನಷ್ಟವಾಗದಿದ್ದರೆ ಅವು ಸುಮ್ಮನೆ ಕೂತಿದ್ದವು.

ಅದೇ ಮಕ್ಕಳಿಗೆ ಎರಡು ವಾರ ಬಿಟ್ಟು ಮತ್ತೆ ಕೊಡಿ, ಅಂಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆಯೇ ನೋಡಿ. ಜೊತೆಗೆ ಒಂದಷ್ಟು ಮಂದಿಯನ್ನಾದರೂ, ಅವರ ಅಂಕ ಗೊತ್ತಿಲ್ಲದ ತಜ್ಞರೊಬ್ಬರು ಸಂದರ್ಶನ ಮಾಡಲಿ. ಹೆಚ್ಚು ಅಂಕದವರನ್ನು ಮಾತ್ರವಲ್ಲ, ಸೊನ್ನೆ ಬಂದವರನ್ನೂ. ಈ ಕೊನೆಯ ಕೆಲಸ ದುಬಾರಿ, ಬೇಸರದ್ದು, ಆದ್ದರಿಂದ ಎಲ್ಲರೂ ಬಿಡುತ್ತಾರೆ. ಬಿಟ್ಟರೆ ಹಾಳೆ ಯಾರನ್ನು ಕೈಬಿಟ್ಟಿದೆ ಎಂಬುದು ಯಾವತ್ತೂ ತಿಳಿಯುವುದಿಲ್ಲ.

ಪ್ರಶ್ನೆ: ಪೋಷಕರ ಸಭೆಯಲ್ಲಿ ಆ ಪ್ರಶ್ನಾವಳಿ ನೋಡಿದೆ. ಕೊನೆಯಲ್ಲಿ ಸಾಯುವ ಯೋಚನೆ ಬಂದಿತ್ತೇ ಎಂದು ಕೇಳಿದ್ದಾರೆ. ಏನೂ ಅರಿಯದ ಮಕ್ಕಳ ತಲೆಗೆ ಹುಳ ಬಿಟ್ಟಂತಲ್ಲವೇ? ಆ ಪ್ರಶ್ನೆ ತೆಗೆಸಬೇಕೆಂದು ನಾವು ಕೆಲವರು ಪತ್ರ ಕೊಡುವವರಿದ್ದೇವೆ.
— ದಾವಣಗೆರೆ

ಉತ್ತರ: ಈ ಭಯ ನಿಮ್ಮದೊಬ್ಬರದಲ್ಲ, ಅಮೆರಿಕದವರಿಗೂ ಇತ್ತು. ಅದಕ್ಕೇ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,300ಕ್ಕೂ ಹೆಚ್ಚು ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆತ್ಮಹತ್ಯೆಯ ಪ್ರಶ್ನೆ ಇರುವ ಹಾಳೆ, ಇನ್ನೊಂದಕ್ಕೆ ಇಲ್ಲದ ಹಾಳೆ ಕೊಟ್ಟು ನೋಡಿದರು. ಫಲಿತಾಂಶ 2005ರಲ್ಲಿ ಬಂತು. ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವೂ ಹೆಚ್ಚಲಿಲ್ಲ, ಅಂಥ ಯೋಚನೆಯೂ ಹೆಚ್ಚಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಕೇಳಿದ್ದರಿಂದ ಕೇಡಾಗುವ ಬದಲು ತುಸು ಹಗುರವಾದ ಸೂಚನೆಯೇ ಕಂಡಿತು.

ಆದ್ದರಿಂದ ಪತ್ರ ಕೊಡಿ, ಬೇಡಿಕೆ ಮಾತ್ರ ಬದಲಿಸಿ. ಒಂಬತ್ತನೆಯ ಪ್ರಶ್ನೆ ಕೇಳಿದವರು ಅದರ ಉತ್ತರವನ್ನು ಅದೇ ದಿನ, ಮಕ್ಕಳು ಮನೆಗೆ ಹೊರಡುವ ಮುಂಚೆ ನೋಡಬೇಕು ಎಂದು ಕೇಳಿ. ಹಾಳೆಗಳು ಬೀರುವಿನಲ್ಲಿ ಮೂರು ವಾರ ಮಲಗಿ, ಆಮೇಲೆ ಯಾರೋ ಕಂಪ್ಯೂಟರಿಗೆ ತುಂಬುವಾಗ ‘ಅಯ್ಯೋ’ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಳ ಇರುವುದು ಆ ಬೀರುವಿನಲ್ಲಿ.

ಪ್ರಶ್ನೆ: ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು ನಾನು. ಹುಡುಗರ ಮುಖ ನೋಡಿದರೆ ಸಾಕು, ಒಳಗೇನಿದೆ ಎಂದು ತಿಳಿಯುತ್ತಿತ್ತು. ಈಗ ಅದಕ್ಕೂ ಕಾಗದ ಬೇಕೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ

ಉತ್ತರ: ನಮಸ್ಕಾರ ಸರ್. ನಿಮಗೆ ತಿಳಿಯುತ್ತಿತ್ತು ಎಂಬುದನ್ನು ಅರ್ಧ ಒಪ್ಪುತ್ತೇನೆ. ಗಾಜು ಒಡೆದವನ, ಜಗಳಗಂಟನ, ಶಾಲೆ ತಪ್ಪಿಸಿದವನ ಮುಖ ನಿಮಗೆ ತಿಳಿಯುತ್ತಿತ್ತು. ಒಮ್ಮೆ ನಾವು ಒಂದು ತರಗತಿಯಲ್ಲಿ ಹಾಳೆ ಹಂಚುವ ಮೊದಲು ಶಿಕ್ಷಕರಿಂದ ‘ಕಾಳಜಿ ಬೇಕಾದವರು’ ಎಂದು ಐದು ಹೆಸರು ಬರೆಸಿಕೊಂಡೆವು. ಐವರೂ ಗಲಾಟೆಯ ಗಂಡುಮಕ್ಕಳು. ಹಾಳೆಯಲ್ಲಿ ಹೆಚ್ಚು ಅಂಕ ಬಂದವರಲ್ಲಿ, ಆಮೇಲೆ ಕೂತು ಮಾತಾಡಿದಾಗಲೂ ನಿಜವಾಗಿ ಕಷ್ಟದಲ್ಲಿದ್ದವಳು ಎರಡನೆಯ ಬೆಂಚಿನ ಹುಡುಗಿ. ದಿನವೂ ಬೋರ್ಡ್ ಒರೆಸುವವಳು, ತರಗತಿಗೇ ಅಚ್ಚುಕಟ್ಟಾದ ಅಕ್ಷರ. ಶಿಕ್ಷಕರು ಕೆಟ್ಟವರಲ್ಲ, ನಿಮ್ಮ ಹಾಗೆ ಒಳ್ಳೆಯವರೇ.

1987ರಲ್ಲಿ ಥಾಮಸ್ ಆಕೆನ್‌ಬಾಕ್ ಮತ್ತು ಸಂಗಡಿಗರು 119 ಅಧ್ಯಯನಗಳನ್ನು ಒಟ್ಟುಹಾಕಿ, ಮಗು ತನ್ನ ಬಗ್ಗೆ ಹೇಳುವುದಕ್ಕೂ ದೊಡ್ಡವರು ಅದರ ಬಗ್ಗೆ ಹೇಳುವುದಕ್ಕೂ ಎಷ್ಟು ಹೊಂದಿಕೆ ಎಂದು ನೋಡಿದರು. ಪೂರ್ತಿ ಹೊಂದಿದರೆ 1 ಎಂದಿಟ್ಟರೆ, ಬಂದದ್ದು 0.22. ಎರಡು ಕಡೆಯೂ ಸುಳ್ಳಿಲ್ಲ. ಮಗು ಒಳಗಿನಿಂದ ನೋಡುತ್ತದೆ, ನಾವು ಬಾಗಿಲಲ್ಲಿ ನಿಂತು ನೋಡುತ್ತೇವೆ. ಕಾಗದ ನಿಮ್ಮ ಕಣ್ಣಿಗೆ ಬದಲಿಯಲ್ಲ ಸರ್, ನಿಮ್ಮ ಕಣ್ಣೂ ಕಾಗದಕ್ಕೆ ಬದಲಿಯಲ್ಲ. ಪತ್ರದ ಜೊತೆ ಕಳುಹಿಸಿದ ಅಪ್ಪೆಮಿಡಿ ತಲುಪಿದೆ. ಅದರ ಬಗ್ಗೆ ನನ್ನಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಪ್ರಶ್ನೆ: ನಾನು ದ್ವಿತೀಯ ಪಿಯು, ಹಾಸ್ಟೆಲಿನಲ್ಲಿದ್ದೇನೆ. ಕಾಲೇಜಿನಲ್ಲಿ ಆ ಹಾಳೆ ಕೊಟ್ಟಾಗ ಎಲ್ಲದಕ್ಕೂ ಸೊನ್ನೆ ಹಾಕಿದೆ. ಮೇಲೆ ರೋಲ್ ನಂಬರ್ ಬರೆಸಿದ್ದರು, ಪಕ್ಕದವನು ಬಗ್ಗಿ ನೋಡುತ್ತಿದ್ದ. ನಿಜ ಬರೆದಿದ್ದರೆ ಒಂಬತ್ತನೆಯದಕ್ಕೆ ಸೊನ್ನೆ ಇರುತ್ತಿರಲಿಲ್ಲ. ನನ್ನ ಸುಳ್ಳಿನಿಂದ ಅವರ ಲೆಕ್ಕ ತಪ್ಪಾಗಿರುತ್ತದೆಯೇ ಮೇಡಂ?
— ಹೆಸರು, ಊರು ಬೇಡ

ಉತ್ತರ: ನಿನ್ನನ್ನು ನೀನು ಎಂದೇ ಕರೆಯುತ್ತೇನೆ, ನನ್ನ ಮೊಮ್ಮಗನ ವಯಸ್ಸು ನಿನ್ನದು. ನಿನ್ನ ಪತ್ರದ ಹಿಂಬದಿಯಲ್ಲಿ ಸಣ್ಣದಾಗಿ ಬರೆದಿದ್ದ ನಂಬರಿಗೆ, ಅದು ಕೈಗೆ ಬಂದ ಸಂಜೆಯೇ ನಾನು ಫೋನ್ ಮಾಡಿದ್ದೆ. ಅಂದು ಮಾತಾಡಿದ್ದು ನಮ್ಮಿಬ್ಬರದು, ಇಲ್ಲಿ ಬರೆಯುವುದಿಲ್ಲ. ಇಲ್ಲಿ ನಿನ್ನ ಪ್ರಶ್ನೆಗಷ್ಟೇ ಉತ್ತರ. ನಿನ್ನ ಹಾಗೆ ಸೊನ್ನೆ ಹಾಕಿದ ಬೇರೆ ಮಕ್ಕಳೂ ಓದುತ್ತಿರಬಹುದು.

ಅವರ ಲೆಕ್ಕ ತಪ್ಪಿದೆ, ಹೌದು. ತಪ್ಪು ನಿನ್ನದಲ್ಲ. ಒಂದು ಬೆಂಚಿನಲ್ಲಿ ಮೂವರನ್ನು ಕೂರಿಸಿ, ರೋಲ್ ನಂಬರ್ ಬರೆಸಿ, ಉತ್ತರ ಯಾರು ನೋಡುತ್ತಾರೆ, ನೋಡಿದ ಮೇಲೆ ಏನು ಮಾಡುತ್ತಾರೆ ಎಂದು ಹೇಳದೆ ಸಾವಿನ ಪ್ರಶ್ನೆ ಕೇಳಿದರೆ ಯಾವ ಜಾಣ ಹುಡುಗನಾದರೂ ಸೊನ್ನೆಯನ್ನೇ ಹಾಕುತ್ತಾನೆ. ಪ್ರಶ್ನಾವಳಿಯನ್ನು ಎಲ್ಲೆಲ್ಲೋ ಸಾವಿರಾರು ಮಂದಿಯ ಮೇಲೆ ಪರೀಕ್ಷಿಸಿ ತಂದವರು, ನಿಮ್ಮ ಕೊಠಡಿಯ ಬೆಂಚನ್ನು ಪರೀಕ್ಷಿಸಲಿಲ್ಲ.

ನೀನು ಕಾಲೇಜಿಗೆ ಕೊಡದ ಉತ್ತರವನ್ನು ಅಂಚೆಚೀಟಿ ಹಚ್ಚಿ ನನಗೆ ಕಳುಹಿಸಿದೆ. ಅಷ್ಟು ಮಾಡಿದವನು ಇನ್ನೊಂದು ಮಾಡು. ಅಂದು ಫೋನಿನಲ್ಲಿ ಒಬ್ಬರ ಹೆಸರು ಹೇಳಿದೆಯಲ್ಲ, ಅವರ ಬಳಿ ಹೋಗು. ಮಾತು ಹೊರಡದಿದ್ದರೆ ಈ ಪುಟ ತೋರಿಸು, ‘ಇದು ನಾನು’ ಎಂದರೆ ಸಾಕು. ರಾತ್ರಿ ಹೊತ್ತು ಯೋಚನೆ ಮುತ್ತಿಕೊಂಡರೆ 14416 ಇಪ್ಪತ್ತನಾಲ್ಕು ಗಂಟೆಯೂ ಇದೆ, ರೋಲ್ ನಂಬರ್ ಕೇಳುವುದಿಲ್ಲ. ಭಾನುವಾರ ನನಗೂ ಫೋನ್ ಮಾಡು. ಒಂದರಿಂದ ಎರಡರವರೆಗೆ ನಿಮ್ಮ ಹಾಸ್ಟೆಲಿನಲ್ಲಿ ಊಟದ ಗಲಾಟೆ ಎಂದೆಯಲ್ಲ, ಅದು ಮುಗಿದ ಮೇಲೆ. ಫೋನ್ ಪಕ್ಕದಲ್ಲಿಟ್ಟುಕೊಂಡೇ ಕೂತಿರುತ್ತೇನೆ.